ಹತ್ತಿರದ ಹಳ್ಳಿಗಳಿಗೊಂದು ಪ್ರವಾಸ: ಯೋಜನೆ ಹೇಗಿರಬೇಕು?

(ಪಾಲಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



"ದೇಶ ಸುತ್ತು, ಕೋಶ ಓದು" ಎಂಬುದು ಕನ್ನಡದ ಗಾದೆ. ಉರ್ದುವಿನಲ್ಲಿ "ಸಫರ್ ವಸೀಲ-ಎ-ಜಫರ್" ಎನ್ನುತ್ತಾರೆ. ಪ್ರವಾಸವು ಯಶಸ್ಸಿಗೆ ಸಾಧನ ಎಂದು ಅದರ ಅರ್ಥ. ಈ ಎರಡೂ ಭಾಷೆಗಳನ್ನು ಕಲಿಸುವ ಶಿಕ್ಷಕಿಯಾದ ನನಗೆ ಎರಡೂ ಕಡೆಯ ಹಿರಿಯರು ಒಂದೇ ಮಾತು ಹೇಳಿದ್ದು ಸಂತೋಷದ ವಿಷಯ. ಭೂಮಿಯ ಮೇಲೆ ಸಂಚರಿಸಿ, ಕಣ್ಣು ತೆರೆದು ನೋಡಿ ಎಂದು ಕುರ್‌ಆನ್ ಕೂಡ ಹಲವು ಕಡೆ ಕರೆ ಕೊಟ್ಟಿದೆ. ಪ್ರವಾಸ ಒಳ್ಳೆಯದೆಂದು ಎಲ್ಲರೂ ಒಪ್ಪುತ್ತೇವೆ. ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಯಾರು ಯಾರು ಹೋಗಬೇಕು, ಈ ಮೂರು ಪ್ರಶ್ನೆಗಳನ್ನು ನಾವು ಸಾಕಷ್ಟು ಯೋಚಿಸುವುದಿಲ್ಲ. ಇಂದು ಆ ಬಗ್ಗೆ ನಾಲ್ಕು ಮಾತು.

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಪಟ್ಟಿ ತಯಾರಾಗುತ್ತದೆ. ಮೂರು ದಿನ, ನಾಲ್ಕು ದಿನ, ದೂರದ ಊರು, ಸಾವಿರಾರು ರೂಪಾಯಿ ಶುಲ್ಕ. ಆ ಪಟ್ಟಿಯಲ್ಲಿ ಹೆಸರು ಕೊಟ್ಟವರನ್ನು ಎಲ್ಲರೂ ಎಣಿಸುತ್ತಾರೆ. ಹೆಸರು ಕೊಡದವರನ್ನು ಯಾರೂ ಎಣಿಸುವುದಿಲ್ಲ. ಒಮ್ಮೆ ಎಣಿಸಿ ನೋಡಿ. ತಂದೆ ಹಮಾಲಿ ಮಾಡುವ ಮನೆಯ ಹುಡುಗ ಅದರಲ್ಲಿರುತ್ತಾನೆ. ಹೊರಗೆ ರಾತ್ರಿ ಕಳೆಯುವುದು ಬೇಡ ಎಂದು ಮನೆಯಲ್ಲಿ ತಡೆದ ಹೆಣ್ಣುಮಕ್ಕಳು ಇರುತ್ತಾರೆ. ಹತ್ತನೆಯ ತರಗತಿ ಮುಗಿಸಿದರೂ ಒಮ್ಮೆಯೂ ಗೆಳತಿಯರ ಜೊತೆ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಊರು ನೋಡದ ಹುಡುಗಿಯರು ಹುಬ್ಬಳ್ಳಿ-ಧಾರವಾಡದ ಪ್ರತಿಯೊಂದು ಓಣಿಯಲ್ಲಿಯೂ ಸಿಗುತ್ತಾರೆ.

ಪಾಲಕರ ಅಂಜಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. 2021ರ ಜನವರಿಯಲ್ಲಿ ನಮ್ಮದೇ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನ ಇಟಿಗಟ್ಟಿ ಹತ್ತಿರ, ಗೋವಾ ಪ್ರವಾಸಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನ ಬೆಳಗಿನ ಹೊತ್ತು ಟಿಪ್ಪರ್‌ಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಹೋದರು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಇಂಥ ಸುದ್ದಿ ಓದಿದ ತಾಯಿ ಮಗಳನ್ನು ಕಳಿಸಲು ಹಿಂದೆಮುಂದೆ ನೋಡಿದರೆ ಅದು ಸಹಜ. ಆದರೆ ಇದಕ್ಕೆ ಪರಿಹಾರ ಪ್ರವಾಸವನ್ನೇ ನಿಲ್ಲಿಸುವುದಲ್ಲ. ತಾಯಿ ನಿಶ್ಚಿಂತೆಯಿಂದ ಹೂಂ ಅನ್ನುವಂಥ ಪ್ರವಾಸವನ್ನು ಯೋಜಿಸುವುದೇ ಪರಿಹಾರ. ಹತ್ತಿರದ ಹಳ್ಳಿಗಳು, ಒಂದೇ ಹಗಲು, ಕಡಿಮೆ ಖರ್ಚು, ಮುಂಚಿತ ಸಿದ್ಧತೆ. ಇಂದಿನ ನನ್ನ ಮಾತಿನ ಸಾರ ಇಷ್ಟೇ.

ಹತ್ತಿರದ ಹಳ್ಳಿಯಲ್ಲಿ ನೋಡುವುದೇನಿದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕ್ಯಾಲೆಂಡರುಗಳಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ಇಂಗ್ಲೆಂಡಿನ ಹಳ್ಳಿಗಳ ಚಿತ್ರಗಳನ್ನು ನೀವು ನೋಡಿರುತ್ತೀರಿ. ಜೇನಿನ ಬಣ್ಣದ ಕಲ್ಲಿನ ಮನೆಗಳು, ಮುಂದೆ ಹೂವಿನ ಬಳ್ಳಿ, ಪಕ್ಕದಲ್ಲಿ ಹಳ್ಳ. ಅದು ಕಾಟ್ಸ್‌ವಲ್ಡ್ಸ್ ಎಂಬ ಪ್ರದೇಶ. ಅಲ್ಲಿಯ ಬಿಬುರಿ ಎಂಬ ಪುಟ್ಟ ಊರಿನ ಒಂದು ಮನೆಸಾಲು ಜಗತ್ತಿಗೆಲ್ಲ ಪ್ರಸಿದ್ಧ. ಆ ಸಾಲು ಮೊದಲು ಉಣ್ಣೆ ಇಡುವ ಕಟ್ಟಡವಾಗಿತ್ತು, ಆಮೇಲೆ ನೇಕಾರರ ಮನೆಗಳಾಯಿತು. ಅಂದರೆ ಅದೂ ಕುರಿ ಸಾಕುವವರ, ಮಗ್ಗ ಹೊಡೆಯುವವರ ಊರೇ. ವ್ಯತ್ಯಾಸವೆಂದರೆ ಅವರು ತಮ್ಮ ಹಳ್ಳಿಯ ಕಥೆಯನ್ನು ಕಲ್ಲು ಕಲ್ಲಾಗಿ ಉಳಿಸಿಕೊಂಡರು ಮತ್ತು ಬಂದವರಿಗೆಲ್ಲ ಹೇಳಿದರು. ಈಗ ಅಲ್ಲಿ ಪ್ರವಾಸಿ ಬಸ್ಸುಗಳ ನೂಕುನುಗ್ಗಲು ಊರವರಿಗೇ ತಲೆನೋವಾಗಿದೆ. ಇದರಿಂದ ನಾವು ಎರಡು ಪಾಠ ಕಲಿಯಬಹುದು. ಕಥೆ ಗೊತ್ತಿದ್ದರೆ ಯಾವ ಹಳ್ಳಿಯೂ ಚಂದ. ಹೋಗುವವರಿಗೆ ರೀತಿನೀತಿ ಇಲ್ಲದಿದ್ದರೆ ಚಂದದ ಹಳ್ಳಿಗೂ ಕಷ್ಟ.

ಒಳ್ಳೆಯ ಪ್ರವಾಸಿ ಹೇಗೆ ನೋಡುತ್ತಾನೆ ಎಂಬುದಕ್ಕೆ ಇಬ್ನ್ ಬತೂತಾ ಒಂದು ಉದಾಹರಣೆ. 14ನೆಯ ಶತಮಾನದಲ್ಲಿ ಮೊರೊಕ್ಕೊ ದೇಶದಿಂದ ಹೊರಟ ಈತ ನಮ್ಮ ಉತ್ತರ ಕನ್ನಡದ ಹೊನ್ನಾವರಕ್ಕೂ ಬಂದಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಗಳು 13, ಗಂಡುಮಕ್ಕಳ ಶಾಲೆಗಳು 23 ಇದ್ದವೆಂದು ಬರೆದಿಟ್ಟಿದ್ದಾನೆ. ಯೋಚಿಸಿ, ಸುಮಾರು ಏಳುನೂರು ವರ್ಷಗಳ ಹಿಂದೆ ನಮ್ಮ ಕರಾವಳಿಯ ಒಂದು ಊರಿನಲ್ಲಿ ಹದಿಮೂರು ಹೆಣ್ಣುಮಕ್ಕಳ ಶಾಲೆ! ಆತ ಸಮುದ್ರ ಚೆನ್ನಾಗಿತ್ತು, ಮೀನು ರುಚಿಯಾಗಿತ್ತು ಎಂದಷ್ಟೇ ಬರೆದು ಮುಂದೆ ಹೋಗಿದ್ದರೆ ಈ ಸಂಗತಿ ನಮಗೆ ಸಿಗುತ್ತಿರಲಿಲ್ಲ. ಆತ ಎಣಿಸಿದ, ಕೇಳಿದ, ನೆನಪಿಟ್ಟುಕೊಂಡ. ನಮ್ಮ ವಿದ್ಯಾರ್ಥಿಗಳೂ ಹಾಗೆ ನೋಡುವಂತಾಗಬೇಕು.

ಈಗ ಯೋಜನೆಗೆ ಬರೋಣ. ಬಿ.ಎಡ್. ಓದುವಾಗ ನಮಗೆ ಪಾಠ ಯೋಜನೆ ಬರೆಯುವುದನ್ನು ಕಲಿಸುತ್ತಾರೆ. ಉದ್ದೇಶ, ಸಾಮಗ್ರಿ, ಚಟುವಟಿಕೆ, ಮೌಲ್ಯಮಾಪನ ಎಂದು ಅದರಲ್ಲಿ ಭಾಗಗಳಿರುತ್ತವೆ. ಪ್ರವಾಸಕ್ಕೂ ಇದೇ ಕ್ರಮ ಹೊಂದುತ್ತದೆ. ನಾನು ಒಂದು ಮಾರ್ಗವನ್ನೇ ಮುಂದಿಡುತ್ತೇನೆ: ಹುಬ್ಬಳ್ಳಿ, ಕುಂದಗೋಳ, ಕಳಸ, ಶಿಶುನಾಳ, ಹುಲಗೂರು, ಸವಣೂರು, ಬಂಕಾಪುರ, ಶಿಗ್ಗಾವಿ, ಮರಳಿ ಹುಬ್ಬಳ್ಳಿ. ಹೆಚ್ಚುಕಡಿಮೆ 150 ಕಿ.ಮೀ. ಸುತ್ತು. ಒಂದು ಹಗಲಿಗೆ ಸರಿಯಾಗುತ್ತದೆ.

ಮೊದಲು ಕುಂದಗೋಳ. ಹಿಂದೂಸ್ತಾನಿ ಸಂಗೀತದ ಸವಾಯಿ ಗಂಧರ್ವರು (1886-1952) ಇಲ್ಲಿಯವರು. ಅವರ ಗುರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಸವಾಯಿ ಗಂಧರ್ವರ ಶಿಷ್ಯರಲ್ಲಿ ಭೀಮಸೇನ ಜೋಶಿ ಮತ್ತು ಗಂಗೂಬಾಯಿ ಹಾನಗಲ್ ಜಗತ್ಪ್ರಸಿದ್ಧರಾದರು. ಗಂಗೂಬಾಯಿಯವರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಕಲಿಯಬೇಕೆಂಬ ಹಟಕ್ಕೆ ಒಬ್ಬ ಹೆಣ್ಣುಮಗಳು ಇದೇ ದಾರಿಯಲ್ಲಿ ಓಡಾಡಿದಳು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರಿಗೆ ಬಸ್ಸಿನಲ್ಲಿಯೇ ಹೇಳಬೇಕು. ಇಲ್ಲಿಯ ಶಂಭುಲಿಂಗೇಶ್ವರ ಗುಡಿಯ ಕಲ್ಲಿನ ಕೆಲಸವೂ ನೋಡತಕ್ಕದ್ದು.

ಕುಂದಗೋಳ ದಾಟಿದ ಮೇಲೆ ಎರೆಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಬ್ಯಾಡಗಿ ಮೆಣಸಿನಕಾಯಿ ಎಂದು ಪೇಟೆಯಲ್ಲಿ ಹೆಸರಾದದ್ದು ಬೆಳೆಯುವುದು ಬ್ಯಾಡಗಿಯಲ್ಲಿ ಮಾತ್ರವಲ್ಲ, ಕುಂದಗೋಳದ ಈ ಹೊಲಗಳಲ್ಲಿಯೂ ಬೆಳೆಯುತ್ತದೆ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಚಳಿಗಾಲದ ಕೊನೆಗೆ ಕಣದಲ್ಲಿ ಹರವಿದ ಕೆಂಪು ಮೆಣಸಿನಕಾಯಿ ಕಣ್ಣಿಗೆ ಹಬ್ಬ. ಆದರೆ ಅದು ರೈತನ ವರ್ಷದ ದುಡಿಮೆ. ಫೋಟೋಕ್ಕಾಗಿ ಅದರ ಮೇಲೆ ಕಾಲಿಡಬಾರದು.

ಮುಂದೆ ಕಳಸ ಮತ್ತು ಶಿಶುನಾಳ. ಈ ಎರಡು ಊರುಗಳನ್ನು ಒಟ್ಟಿಗೇ ನೋಡಬೇಕು. ಒಂದು ಗುರುವಿನ ಊರು, ಇನ್ನೊಂದು ಶಿಷ್ಯನ ಊರು. ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಶಿಶುನಾಳದ ಷರೀಫರು (1819-1889) ಇಮಾಮ ಸಾಹೇಬ ಮತ್ತು ಹಜ್ಜೂಮಾ ದಂಪತಿಗಳ ಮಗ. ಷರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಕೆಲವು ಕಾಲ ಹಳ್ಳಿಗಳಲ್ಲಿ ಶಾಲೆಯ ಮಾಸ್ತರರಾಗಿ ಕೆಲಸ ಮಾಡಿದ್ದರೆಂಬುದು ಬಹಳ ಮಂದಿಗೆ ತಿಳಿದಿಲ್ಲ. ನಾವು ಶಿಕ್ಷಕರು ಇದನ್ನು ಹೆಮ್ಮೆಯಿಂದ ನೆನೆಯಬೇಕು. ಸೋರುವ ಮನೆ, ಕೋಳಿ, ಬೀಸುವ ಕಲ್ಲು, ಇಂಥ ದಿನಬಳಕೆಯ ವಸ್ತುಗಳಿಂದಲೇ ಅವರು ತತ್ತ್ವ ಹೇಳಿದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಚಲನಚಿತ್ರದಿಂದ ಮತ್ತು ಸಿ. ಅಶ್ವತ್ಥ್ ಅವರ ಹಾಡುಗಾರಿಕೆಯಿಂದ ಅವರ ಪದಗಳು ನಾಡಿನ ಮನೆಮನೆಗೆ ತಲುಪಿದವು. ಹುಬ್ಬಳ್ಳಿಯ ಮಗುವಿಗೆ ಆ ಹಾಡು ಬರುತ್ತದೆ, ಆದರೆ ಆ ಊರು ಎಲ್ಲಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಶಿಶುನಾಳಕ್ಕೆ ಹತ್ತಿರವೇ ಹುಲಗೂರು. ಷರೀಫರ ತಂದೆ ಗುರುವೆಂದು ನಂಬಿದ ಖಾದರಶಾವಲಿಯವರ ದರ್ಗಾ ಅಲ್ಲಿದೆ.

ಮಧ್ಯಾಹ್ನಕ್ಕೆ ಸವಣೂರು. 1948ರವರೆಗೂ ನವಾಬರ ಸಂಸ್ಥಾನವಾಗಿದ್ದ ಊರು. ಇಲ್ಲಿಯ ದೊಡ್ಡಹುಣಸೆ ಮಠದ ಆವರಣದ ಮೂರು ಮರಗಳು ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕಾ ಮೂಲದ ಬಾವೋಬಾಬ್. ಹತ್ತಾರು ಮಕ್ಕಳು ಕೈಕೈ ಹಿಡಿದು ನಿಂತರೂ ಬುಡ ತಬ್ಬಿಕೊಳ್ಳುವುದು ಕಷ್ಟ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಮೇಲಾಗಿ ಬಿತ್ತು. ಅದನ್ನು ಮತ್ತೆ ನೆಟ್ಟು ಉಳಿಸುವ ಪ್ರಯತ್ನ ನಡೆಯಿತು. ವಿಜ್ಞಾನದ ಮಾಸ್ತರರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲಿ ಸಿಗಬೇಕು? ಇನ್ನೊಂದು ವಿಷಯ. ಜ್ಞಾನಪೀಠ ಪ್ರಶಸ್ತಿ ಪಡೆದ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಇದೇ ಸವಣೂರಿನಲ್ಲಿ ಹುಟ್ಟಿ, ಇಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿದರು. ಅಲ್ಲಿಂದ ಧಾರವಾಡದ ಕರ್ನಾಟಕ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಆಕ್ಸ್‌ಫರ್ಡ್. ಇಂಗ್ಲೆಂಡಿನ ಹಳ್ಳಿ ನೋಡುವ ಆಸೆಯಿರುವ ವಿದ್ಯಾರ್ಥಿಗಳೇ, ಆ ದಾರಿಯೂ ಸವಣೂರಿನ ಒಂದು ಶಾಲೆಯಿಂದಲೇ ಹೊರಟಿದೆ! ಹೊರಡುವಾಗ ಸವಣೂರ ಖಾರ ಕಟ್ಟಿಸಿಕೊಳ್ಳುವುದನ್ನು ನಾನು ಹೇಳಬೇಕಾಗಿಲ್ಲ, ಅದು ತಾನಾಗಿ ನೆನಪಾಗುತ್ತದೆ.

ಕೊನೆಗೆ ಬಂಕಾಪುರ. ಹಳೆಯ ಕೋಟೆ, ಅದರೊಳಗೆ ಅರವತ್ತು ಕಂಬದ ಗುಡಿ ಎಂದು ಜನ ಕರೆಯುವ ನಗರೇಶ್ವರ ದೇವಾಲಯ, ಸುತ್ತಮುತ್ತ ನವಿಲುಗಳು. ಜೈನ ಕವಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೂ ಈ ಊರಿಗೂ ನಂಟಿದೆ. ಹತ್ತಿರದ ಬಾಡ ಗ್ರಾಮ ಕನಕದಾಸರ ಜನ್ಮಸ್ಥಳ. ಒಂದೇ ದಿನದ ಹಾದಿಯಲ್ಲಿ ಜೈನರು, ಶೈವರು, ದಾಸರು, ಸೂಫಿಗಳು, ನವಾಬರು, ಉಸ್ತಾದರು ಎಲ್ಲರೂ ಸಿಗುತ್ತಾರೆ. ನಮ್ಮ ಇತಿಹಾಸ ಎಲ್ಲೋ ದೂರದಲ್ಲಿದೆ ಎಂದು ತಿಳಿದ ಮಕ್ಕಳಿಗೆ, ಅದು ಮನೆಯ ಪಕ್ಕದಲ್ಲಿಯೇ ಇದೆ ಮತ್ತು ಅದು ಎಲ್ಲರಿಗೂ ಸೇರಿದ್ದು ಎಂದು ತಿಳಿಯುವುದೇ ಈ ಪ್ರವಾಸದ ಉದ್ದೇಶ.

ಗುಡಿಗೆ, ದರ್ಗಾಕ್ಕೆ ಮಕ್ಕಳನ್ನು ಕರೆದೊಯ್ಯುವುದು ಸರಿಯೇ ಎಂದು ಕೆಲವು ಪಾಲಕರು ಕೇಳುವುದುಂಟು. ಕೇಳುವ ಹಕ್ಕು ಅವರಿಗಿದೆ. ನೋಡುವುದು ಬೇರೆ, ಪೂಜಿಸುವುದು ಬೇರೆ. ಕಂಬದ ಕೆತ್ತನೆ, ಕಲ್ಲಿನ ಶಾಸನ, ಕೋಟೆಯ ಗೋಡೆ ಇವು ಸಮಾಜ ವಿಜ್ಞಾನದ ಪಾಠ. ಒಳಗೆ ಹೋಗಲು ಮನಸ್ಸಿಲ್ಲದ ಮಗುವನ್ನು ಒತ್ತಾಯ ಮಾಡಬಾರದು. ಹೋದವರು ಚಪ್ಪಲಿ ಹೊರಗೆ ಬಿಟ್ಟು, ಅಲ್ಲಿಯ ಪದ್ಧತಿಗೆ ಗೌರವ ಕೊಟ್ಟು, ಸುಮ್ಮನೆ ನೋಡಿ ಬರಬೇಕು. ಇದನ್ನು ಪಾಲಕರ ಸಭೆಯಲ್ಲಿ ಮೊದಲೇ ಹೇಳಿಬಿಟ್ಟರೆ ಆಮೇಲೆ ಅಸಮಾಧಾನಕ್ಕೆ ಕಾರಣವಿರುವುದಿಲ್ಲ.

ಇನ್ನು ವ್ಯವಸ್ಥೆಯ ಮಾತು. ಒಂದೊಂದಾಗಿ ಹೇಳುತ್ತೇನೆ.

ಒಂದು, ಕಾಲ. ಡಿಸೆಂಬರ್ ಮತ್ತು ಜನವರಿ ಉತ್ತಮ. ಮಳೆಗಾಲದಲ್ಲಿ ಎರೆಮಣ್ಣಿನ ಒಳದಾರಿಗಳು ಕಷ್ಟ, ಮಾರ್ಚ್ ನಂತರ ಬಿಸಿಲು ಮತ್ತು ಪರೀಕ್ಷೆ. ಶುಕ್ರವಾರ ಬೇಡ. ಜಾತ್ರೆ, ಉರುಸಿನ ದಿನಗಳೂ ಬೇಡ, ಜನಜಂಗುಳಿಯಲ್ಲಿ ಮಕ್ಕಳನ್ನು ಕಾಯುವುದು ಕಷ್ಟ. ಶನಿವಾರ ಅಥವಾ ರವಿವಾರ ಬೆಳಗ್ಗೆ ಬೆಳಕು ಹರಿದ ಮೇಲೆ ಆರೂವರೆಗೆ ಹೊರಟರೆ ಒಂಬತ್ತೂವರೆಯೊಳಗೆ ಶಿಶುನಾಳ, ಹನ್ನೆರಡೂವರೆಗೆ ಸವಣೂರು. ಅಲ್ಲಿ ಜೋಹರ್ ನಮಾಜು ಮತ್ತು ಊಟ. ಮೂರಕ್ಕೆ ಬಂಕಾಪುರ. ನಾಲ್ಕೂಕಾಲಿಗೆ ಅಲ್ಲಿಂದ ಹೊರಟು ಮಗ್ರಿಬ್ ವೇಳೆಗೆ ಹುಬ್ಬಳ್ಳಿ. ಹೊತ್ತು ಮುಳುಗಿದ ಮೇಲೆ ಹೆದ್ದಾರಿಯಲ್ಲಿ ನಮ್ಮ ಬಸ್ಸು ಇರಕೂಡದು. ತಡವಾದರೆ ಒಂದು ಸ್ಥಳ ಬಿಡಿ, ವೇಗ ಹೆಚ್ಚಿಸಬೇಡಿ.

ಎರಡು, ಅನುಮತಿ ಮತ್ತು ವಾಹನ. ಶಿಕ್ಷಣ ಇಲಾಖೆಯ ಅನುಮತಿ, ಪ್ರತಿ ಪಾಲಕರ ಸಹಿಯಿರುವ ಒಪ್ಪಿಗೆ ಪತ್ರ ಇಲ್ಲದೆ ಹೊರಡಬಾರದು. ಸಾರಿಗೆ ಸಂಸ್ಥೆಯ ಬಸ್ಸನ್ನು ಕರಾರಿನ ಮೇಲೆ ಪಡೆಯುವುದು ಒಳ್ಳೆಯದು. ಖಾಸಗಿ ವಾಹನವಾದರೆ ಪರವಾನಗಿ, ವಿಮೆ, ಚಾಲಕನ ಲೈಸೆನ್ಸ್ ಕಣ್ಣಾರೆ ನೋಡಬೇಕು. ಸೀಟಿಗಿಂತ ಹೆಚ್ಚು ಮಕ್ಕಳನ್ನು ಹತ್ತಿಸಬಾರದು. ಚಾಲಕ ಹಿಂದಿನ ರಾತ್ರಿ ನಿದ್ದೆ ಮಾಡಿದ್ದಾನೆಯೇ ಎಂದು ಕೇಳುವುದು ಸಂಕೋಚದ ವಿಷಯವಲ್ಲ.

ಮೂರು, ಶೌಚಾಲಯ. ಇದನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಆದರೆ ಹೆಣ್ಣುಮಕ್ಕಳು ನೀರು ಕುಡಿಯದೆ ದಿನವಿಡೀ ಕಳೆಯುವುದು ಇದರಿಂದಲೇ. ದಾರಿಯ ಊರುಗಳ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮೊದಲೇ ಪತ್ರ ಬರೆದು, ಫೋನ್ ಮಾಡಿ, ಶೌಚಾಲಯದ ಕೀಲಿ ಮತ್ತು ಊಟಕ್ಕೆ ಒಂದು ಕೋಣೆ ಕೇಳಿಕೊಳ್ಳಬೇಕು. ರಜೆಯ ದಿನವಾದ್ದರಿಂದ ಮುಂಚಿತವಾಗಿ ತಿಳಿಸುವುದು ಅಗತ್ಯ. ಹೋದಾಗ ಅಲ್ಲಿಯ ಗ್ರಂಥಾಲಯಕ್ಕೆ ನಾಲ್ಕು ಪುಸ್ತಕ ಕೊಟ್ಟು ಬಂದರೆ ಮುಂದಿನ ವರ್ಷ ಅವರೇ ಕರೆಯುತ್ತಾರೆ. ಜೊತೆಗೆ ಇಬ್ಬರು ತಾಯಂದಿರನ್ನು ಕರೆದುಕೊಂಡು ಹೋಗಿ. ಅವರು ಬಂದು ನೋಡಿದರೆ ಓಣಿಯ ಉಳಿದ ತಾಯಂದಿರಿಗೆ ಧೈರ್ಯ ಬರುತ್ತದೆ.

ನಾಲ್ಕು, ಹಣ. ವಾರಕ್ಕೆ ಹತ್ತು ರೂಪಾಯಿಯಂತೆ ಜೂನ್‌ನಿಂದ 25 ವಾರ ಕೂಡಿಟ್ಟರೆ ಒಬ್ಬರಿಗೆ 250 ರೂಪಾಯಿ ಆಗುತ್ತದೆ. ಬುತ್ತಿ ಮನೆಯಿಂದ. ರೊಟ್ಟಿ, ಪಲ್ಯ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಹಂಚಿಕೊಂಡು ಉಂಡರೆ ಹೋಟೆಲಿನ ಖರ್ಚಿಲ್ಲ. ಆದರೂ ಕೊಡಲಾಗದವರು ಇದ್ದೇ ಇರುತ್ತಾರೆ. ಸಂಸ್ಥೆಯ ಸದಸ್ಯರಲ್ಲಿ ನನ್ನ ವಿನಂತಿ, ಪ್ರತಿ ಬಸ್ಸಿನಲ್ಲಿ ಐದು ಸೀಟಿನ ಹಣ ನೀವು ಕೊಡಿ. ಯಾರಿಗೆ ಕೊಟ್ಟಿರಿ ಎಂಬುದು ತರಗತಿ ಶಿಕ್ಷಕರ ಹೊರತು ಯಾರಿಗೂ ತಿಳಿಯದಿರಲಿ. ಮಗುವಿನ ಮರ್ಯಾದೆ ದೊಡ್ಡದು.

ಐದು, ಓದು. ಹೊರಡುವ ಮೊದಲಿನ ಎರಡು ವಾರ ದಿನಕ್ಕೆ ಹತ್ತು ನಿಮಿಷ ಒಂದೊಂದು ಊರಿನ ಬಗ್ಗೆ ಒಬ್ಬೊಬ್ಬ ವಿದ್ಯಾರ್ಥಿ ಮಾತಾಡಲಿ. ಪ್ರತಿ ಗುಂಪಿಗೆ ಒಂದು ಪ್ರಶ್ನೆ ಕೊಡಿ. ಈ ಊರಿನ ಶಾಲೆಯಲ್ಲಿ ಹುಡುಗಿಯರೆಷ್ಟು? ಕೆರೆಯಲ್ಲಿ ನೀರಿದೆಯೇ? ಮೆಣಸಿನಕಾಯಿ ಬಿಡಿಸುವವರಿಗೆ ಕೂಲಿ ಎಷ್ಟು? ಬಿದ್ದ ಬಾವೋಬಾಬ್ ಮರ ಈಗ ಹೇಗಿದೆ? ಬಂದ ಮೇಲೆ ಒಂದು ವಾರದೊಳಗೆ ಪ್ರತಿಯೊಬ್ಬರೂ ಒಂದು ಪುಟ ಬರೆಯಬೇಕು. ಉರ್ದುವಿನಲ್ಲಿ ಬರೆಯುವವರು ಉರ್ದುವಿನಲ್ಲಿ, ಕನ್ನಡದಲ್ಲಿ ಬರೆಯುವವರು ಕನ್ನಡದಲ್ಲಿ. ಯೂಸುಫ್ ಖಾನ್ ಕಂಬಳ್‌ಪೋಶ್ 1837ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದು ಬರೆದ ಪುಸ್ತಕದಿಂದ ಉರ್ದು ಸಫರ್‌ನಾಮಾ ಸಾಹಿತ್ಯ ಆರಂಭವಾಯಿತು. ನಮ್ಮ ಮಕ್ಕಳ ಸಫರ್‌ನಾಮಾ ಕುಂದಗೋಳದಿಂದ ಆರಂಭವಾಗಲಿ. ಉತ್ತಮವಾದವುಗಳನ್ನು ಈ ಸಂಚಿಕೆಯಲ್ಲಿಯೇ ಪ್ರಕಟಿಸಬಹುದು.

ಈ ಮಾರ್ಗ ಒಂದು ವರ್ಷಕ್ಕಾಯಿತು. ಮುಂದಿನ ವರ್ಷಕ್ಕೆ ಅಣ್ಣಿಗೇರಿಯ ಅಮೃತೇಶ್ವರ ಗುಡಿ, ಅತ್ತಿಮಬ್ಬೆ ಬಸದಿ ಕಟ್ಟಿಸಿದ ಲಕ್ಕುಂಡಿ, ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಮಾಗಡಿ ಕೆರೆ, ಪಂಪ ತನ್ನ ಕನ್ನಡಕ್ಕೆ ಮಾದರಿಯೆಂದು ಹೆಸರಿಸಿದ ಪುಲಿಗೆರೆ ಅಂದರೆ ಇಂದಿನ ಲಕ್ಷ್ಮೇಶ್ವರ ಇವೆ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಾಲಯ, ಶಂಖ ಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ ಮೂರನ್ನೂ ಒಂದೇ ಊರಿನಲ್ಲಿ ನೋಡಬಹುದು.

ಸಹೋದರಿಯರಿಗೂ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣ ಬೇಕಿಲ್ಲ. ಶಾಲೆಯ ಬಸ್ಸಿಗಾಗಿ ಕಾಯಬೇಕಾಗಿಯೂ ಇಲ್ಲ. ಓಣಿಯ ಐದಾರು ತಾಯಂದಿರು ಕೂಡಿ, ಮಕ್ಕಳ ಕೈ ಹಿಡಿದು, ಬುತ್ತಿ ಕಟ್ಟಿಕೊಂಡು ಒಂದು ರವಿವಾರ ಸವಣೂರನ್ನೋ ಲಕ್ಷ್ಮೇಶ್ವರವನ್ನೋ ನೋಡಿ ಬರಬಹುದು.

ವಿದ್ಯಾರ್ಥಿಗಳೇ, ಹಳ್ಳಿಗೆ ಹೋಗುವಾಗ ನೀವು ಅತಿಥಿಗಳು. ಹಿರಿಯರಿಗೆ ಸಲಾಂ, ನಮಸ್ಕಾರ ಹೇಳಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ನಿಮ್ಮ ಪ್ಲಾಸ್ಟಿಕ್ ನಿಮ್ಮ ಚೀಲದಲ್ಲಿಯೇ ಮರಳಿ ಬರಲಿ. ಕಲ್ಲಿನ ಮೇಲೆ, ಮರದ ಮೇಲೆ ಹೆಸರು ಕೆತ್ತಬೇಡಿ, ಹೆಸರು ಬರೆಯಲು ನೋಟ್‌ಬುಕ್ ಇದೆ.

ಹಿರಿಯರೇ, ಮುಂದಿನ ಡಿಸೆಂಬರ್‌ನಲ್ಲಿ ಪಟ್ಟಿ ತಯಾರಾದಾಗ ಹೆಸರು ಕೊಡದವರನ್ನು ಮೊದಲು ಎಣಿಸೋಣ. ಆ ಸಂಖ್ಯೆ ಸೊನ್ನೆಯಾದ ವರ್ಷ ನಮ್ಮ ಯೋಜನೆ ಸರಿಯಾಗಿತ್ತೆಂದು ತಿಳಿಯೋಣ.